ಕಲ್ಲಿದ್ದಲಿನ ಹಳೆಯ ಗೂಡಿಗೆ ಸೌದೆ ಸ್ಟೌವ್: ಚಿಮಣಿ ಗೋಡೆ ಅಣಿಗೊಳಿಸಿದ ಬಗೆ

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಶೆಫೀಲ್ಡ್‌ನಲ್ಲಿ ನಾವಿರುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಇಟ್ಟಿಗೆಯ ಸಾಲುಮನೆಯಲ್ಲಿ. ಆ ಕಾಲದ ಮನೆಗಳಲ್ಲಿ ಕೋಣೆಗೊಂದು ಕಲ್ಲಿದ್ದಲಿನ ಬೆಂಕಿಗೂಡು ಇರುತ್ತಿತ್ತು. ಆ ಗೂಡುಗಳ ಹೊಗೆನಾಳಗಳನ್ನೆಲ್ಲ ಒಡಲಲ್ಲಿಟ್ಟುಕೊಂಡ ಇಟ್ಟಿಗೆಯ ಕಟ್ಟು, ಗೋಡೆಯಿಂದ ಒಂದು ಅಡಿಗೂ ಹೆಚ್ಚು ಮುಂದಕ್ಕೆ ಚಾಚಿ, ನೆಲಮಾಳಿಗೆಯಿಂದ ಮಾಡಿನವರೆಗೆ ಏರುತ್ತದೆ. ಇದನ್ನೇ ನಾನು ಚಿಮಣಿ ಗೋಡೆ ಎನ್ನುತ್ತಿದ್ದೇನೆ. ನಮ್ಮ ಮುಂಗೋಣೆಯ ಗೂಡನ್ನು ಹಿಂದೆ ಇದ್ದವರು ಹೆಂಚಿನ ಅಲಂಕಾರದಿಂದ ಮುಚ್ಚಿ ಚಿಕ್ಕದು ಮಾಡಿದ್ದರು. ಅದನ್ನು ಬಿಚ್ಚಿ ಸೌದೆ ಉರಿಸುವ ಸ್ಟೌವ್ ಕೂರಿಸಿದ ಕೆಲಸದ ವಿವರ ಇಲ್ಲಿದೆ. ಸ್ಟೌವನ್ನು ತಂದು ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ಅದಕ್ಕೆ ಗೋಡೆಯನ್ನು ಅಣಿ ಮಾಡುವುದರಲ್ಲಿಯೇ ಹಣ, ಧೂಳು, ಯೋಚನೆ ಎಲ್ಲವೂ ಹೋಗುತ್ತವೆ. ಆದ್ದರಿಂದ ಅಂಗಡಿಯಲ್ಲಿ ಸ್ಟೌವ್ ಮೆಚ್ಚಿಕೊಂಡು ಬಂದು ಅದಕ್ಕೆ ತಕ್ಕಂತೆ ಗೂಡನ್ನು ಕಡಿಯುವುದಕ್ಕಿಂತ, ಗೂಡು ಎಷ್ಟು ತೆರೆಯುತ್ತದೆ ಎಂದು ನೋಡಿಕೊಂಡು ಸ್ಟೌವ್ ಕೊಳ್ಳುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಮೊದಲು ಕಾನೂನಿನ ಮಾತು. ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಕಟ್ಟಡ ನಿಯಮಗಳಲ್ಲಿ ಸ್ಟೌವ್, ಹೊಗೆನಾಳಗಳಿಗೆ ಸಂಬಂಧಿಸಿದ ಜೆ ದಾಖಲೆ ಅನ್ವಯಿಸುತ್ತದೆ. ಸ್ಟೌವ್ ಕೂರಿಸುವವರನ್ನು ನೋಂದಾಯಿಸುವ ಹೆಟಾಸ್ ಸಂಸ್ಥೆಯ ನೋಂದಣಿಯುಳ್ಳ ಕೆಲಸಗಾರರಿಂದ ಮಾಡಿಸಿದರೆ ಪ್ರಮಾಣಪತ್ರವನ್ನು ಅವರೇ ಕೊಡುತ್ತಾರೆ. ಸ್ವಂತವಾಗಿ ಮಾಡಿಕೊಳ್ಳುವವರು ಕೆಲಸ ಶುರುಮಾಡುವ ಮೊದಲೇ ಸ್ಥಳೀಯ ಕೌನ್ಸಿಲ್ಲಿನ ಕಟ್ಟಡ ವಿಭಾಗಕ್ಕೆ ಸೂಚನೆ ಕೊಟ್ಟು, ಶುಲ್ಕ ಕಟ್ಟಿ, ಹಂತಹಂತವಾಗಿ ತಪಾಸಣೆ ಮಾಡಿಸಬೇಕು. ನಾನು ಆರಿಸಿಕೊಂಡದ್ದು ಎರಡನೆಯ ದಾರಿ. ನಮ್ಮ ಬಡಾವಣೆ ಹೊಗೆ ನಿಯಂತ್ರಣ ವಲಯಕ್ಕೆ ಸೇರಿದ್ದು. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಮುಚ್ಚಿದ ಹೊಗೆಮಂಜಿನ ಅನಾಹುತದ ನಂತರ 1956ರಲ್ಲಿ ಬಂದ ಶುದ್ಧ ಗಾಳಿ ಕಾಯಿದೆಯಿಂದ ಇಂಥ ವಲಯಗಳು ಹುಟ್ಟಿಕೊಂಡವು. ಇಲ್ಲಿ ಸೌದೆ ಉರಿಸಬೇಕಾದರೆ ಕಡಿಮೆ ಹೊಗೆಯದೆಂದು ಪರೀಕ್ಷಿಸಿ ವಿನಾಯಿತಿ ಕೊಟ್ಟಿರುವ ಸ್ಟೌವನ್ನೇ ಕೊಳ್ಳಬೇಕು. ಈ ವಿನಾಯಿತಿಯಿಂದ ಇನ್ನೊಂದು ಅನುಕೂಲವೂ ಇದೆ: ಸಾಮಾನ್ಯ ಮುಚ್ಚಿದ ಸ್ಟೌವಿಗೆ ಹೊಗೆನಾಳ ಕನಿಷ್ಠ 150 ಮಿ.ಮೀ. ವ್ಯಾಸವಿರಬೇಕು, ವಿನಾಯಿತಿ ಪಡೆದ ಚಿಕ್ಕ ಸ್ಟೌವಿಗೆ 125 ಮಿ.ಮೀ. ಸಾಕು.

ಶಕ್ತಿಯ ಲೆಕ್ಕ ಸರಳವಾಗಿದೆ. ಕೋಣೆಯ ಘನ ಅಳತೆಯನ್ನು ಮೀಟರಿನಲ್ಲಿ ತೆಗೆದು 14ರಿಂದ ಭಾಗಿಸಿದರೆ ಬೇಕಾದ ಕಿಲೋವ್ಯಾಟ್ ಅಂದಾಜಾಗಿ ಸಿಗುತ್ತದೆ ಎಂಬುದು ಇಲ್ಲಿಯ ಕೆಲಸಗಾರರ ರೂಢಿ. ನಮ್ಮ ಕೋಣೆ 4.2 ಮೀಟರ್ ಉದ್ದ, 3.9 ಅಗಲ, 2.7 ಎತ್ತರ; ಲೆಕ್ಕಕ್ಕೆ ಮೂರು ಕಿಲೋವ್ಯಾಟಿನ ಮೇಲೆ ಸ್ವಲ್ಪ ಬಂತು, 4 ಕಿಲೋವ್ಯಾಟಿನದನ್ನು ಗೊತ್ತು ಮಾಡಿದೆವು. ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಚಿಕ್ಕ ಕೋಣೆಯಲ್ಲಿ ದೊಡ್ಡ ಸ್ಟೌವ್ ಇಟ್ಟರೆ ಸೆಕೆ ತಾಳಲಾರದೆ ಗಾಳಿಯ ಕಿಂಡಿಯನ್ನು ಮುಚ್ಚುತ್ತೇವೆ, ಸೌದೆ ಉರಿಯದೆ ಹೊಗೆಯಾಡುತ್ತದೆ, ಗಾಜು ಕಪ್ಪಾಗುತ್ತದೆ, ಹೊಗೆನಾಳದಲ್ಲಿ ಡಾಂಬರಿನಂಥ ಜಿಗುಟು ಕಟ್ಟುತ್ತದೆ. ಗಾಳಿ ಒಂದಿಷ್ಟು ನುಸುಳುವ ಹಳೆಯ ಮನೆಗಳಲ್ಲಿ 5 ಕಿಲೋವ್ಯಾಟಿನವರೆಗೆ ಗೋಡೆಗೆ ಕಾಯಂ ಗಾಳಿಕಿಂಡಿ ಕೊರೆಯಬೇಕೆಂಬ ನಿಯಮವಿಲ್ಲ. ಅದರಾಚೆಗಿನ ಪ್ರತಿ ಕಿಲೋವ್ಯಾಟಿಗೆ 550 ಚದರ ಮಿ.ಮೀ. ಕಿಂಡಿ ಬೇಕು. ಗಾಳಿಯಾಡದಂತೆ ಬಿಗಿಯಾಗಿ ಕಟ್ಟಿದ ಹೊಸ ಮನೆಗಳಲ್ಲಿ ಮಾತ್ರ ಮೊದಲ ಕಿಲೋವ್ಯಾಟಿನಿಂದಲೇ ಈ ಲೆಕ್ಕ ಹಿಡಿಯಬೇಕಾಗುತ್ತದೆ.

ಯಾವುದನ್ನೂ ಒಡೆಯುವ ಮೊದಲು ಚಿಮಣಿ ಗುಡಿಸುವವರನ್ನು ಕರೆಸಿದೆ. ಕೆಲಸವನ್ನು ಶರತ್ಕಾಲಕ್ಕೆ ಇಟ್ಟುಕೊಂಡದ್ದಕ್ಕೆ ಕಾರಣವಿತ್ತು: ಇಲ್ಲಿಯ ಜ್ಯಾಕ್‌ಡಾ ಎಂಬ ಚಿಕ್ಕ ಜಾತಿಯ ಕಾಗೆಗಳು ವಸಂತದಲ್ಲಿ ಚಿಮಣಿಯೊಳಗೆ ಕಡ್ಡಿಗಳನ್ನು ಬೀಳಿಸಿ ಬೀಳಿಸಿ ಗೂಡು ಕಟ್ಟುತ್ತವೆ, ಹಕ್ಕಿಗಳು ಬಳಸುತ್ತಿರುವ ಗೂಡನ್ನು ಕದಲಿಸುವುದು 1981ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ನಮ್ಮ ನಾಳದಿಂದಲೂ ಒಣ ಕಡ್ಡಿ, ಉಣ್ಣೆ, ಹಳೆಯ ಮಸಿ ಚೀಲಗಟ್ಟಲೆ ಇಳಿಯಿತು. ಆಮೇಲೆ ಕ್ಯಾಮೆರಾ ಇಳಿಬಿಟ್ಟು ನೋಡಿದೆವು. ನಾಳ ಸುಮಾರು 225 ಮಿ.ಮೀ. ಚೌಕ, ಮೇಲಿನ ಮಲಗುವ ಕೋಣೆಯ ಗೂಡನ್ನು ತಪ್ಪಿಸಿಕೊಳ್ಳಲು ನಡುವೆ ಒಂದು ಕಡೆಗೆ ವಾಲಿ ಮತ್ತೆ ನೆಟ್ಟಗಾಗುತ್ತದೆ. ಒಳಮೈಗೆ ಹಚ್ಚಿದ್ದ ಗಾರೆ ಅಲ್ಲಲ್ಲಿ ಉದುರಿ ಇಟ್ಟಿಗೆಯ ಸಂದುಗಳು ಕಾಣುತ್ತಿದ್ದವು. ಆ ಕಾಲದವರು ಹೊಗೆನಾಳದ ಒಳಗೆ ಮೆತ್ತುತ್ತಿದ್ದುದು ಸಗಣಿ ಬೆರೆಸಿದ ಸುಣ್ಣದ ಗಾರೆಯನ್ನು. ಸಗಣಿ ಸಾರಿಸಿದ ಅಂಗಳದಲ್ಲಿ ಬೆಳೆದ ನನಗೆ ಯಾರ್ಕ್‌ಷೈರಿನ ಚಿಮಣಿಯೊಳಗೂ ಅದೇ ಇದೆಯೆಂದು ತಿಳಿದಾಗ ಮೋಜೆನಿಸಿತು.

ಇನ್ನು ಬಿಚ್ಚುವ ಕೆಲಸ. ಹೆಂಚಿನ ಅಲಂಕಾರ ಎಂದರೆ ಗೋಡೆಗೆ ಒಂದೊಂದಾಗಿ ಅಂಟಿಸಿದ ಹೆಂಚುಗಳಲ್ಲ. ಕಾರ್ಖಾನೆಯಲ್ಲಿಯೇ ಕಾಂಕ್ರೀಟಿನ ಬೆನ್ನಿಗೆ ಹೆಂಚು ಕೂರಿಸಿ ತಂದು ನಿಲ್ಲಿಸಿದ ಒಂದೇ ಭಾರವಾದ ತುಂಡು. ಅದರ ಎರಡೂ ಅಂಚುಗಳಲ್ಲಿ, ಮೇಲ್ಭಾಗಕ್ಕೆ ಹತ್ತಿರವಾಗಿ, ಗಾರೆಯೊಳಗೆ ಹುದುಗಿದ ಕಬ್ಬಿಣದ ಕಿವಿಗಳಿರುತ್ತವೆ. ಗಾರೆ ಕೆತ್ತಿ ಆ ಕಿವಿಗಳ ತಿರುಪು ಬಿಚ್ಚಿದರೆ ಇಡೀ ತುಂಡು ಮುಂದಕ್ಕೆ ವಾಲುತ್ತದೆ, ಒಬ್ಬರೇ ಹಿಡಿಯುವ ಸಾಹಸ ಬೇಡ. ಅಲಂಕಾರಕ್ಕೂ ಅದರ ಹಿಂದಿನ ಬೆಂಕಿಮಣ್ಣಿನ ಬೆನ್ನುಹಲಗೆಗೂ ನಡುವಿನ ಸಂದಿನಲ್ಲಿ ಬೂದುಬಣ್ಣದ ನಾರಿನ ಹಗ್ಗವೊಂದು ಕಂಡಿತು. ಬ್ರಿಟನ್ನಿನಲ್ಲಿ, ಎಳೆಗಳು ಉಸಿರಿಗೆ ಹೋದರೆ ಅಪಾಯವಾದ ಕಲ್ನಾರು (ಆಸ್ಬೆಸ್ಟಾಸ್) ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅದಕ್ಕಿಂತ ಹಳೆಯ ಗೂಡುಗಳಲ್ಲಿ ಇಂಥ ಹಗ್ಗ, ಹಲಗೆ ಎರಡೂ ಕಲ್ನಾರಿನವು ಆಗಿರಬಹುದು. ಆದ್ದರಿಂದ ಅದನ್ನು ಮುಟ್ಟದೆ, ಮಾದರಿಯ ಪರೀಕ್ಷೆಯಾಗಿ, ಬಲ್ಲವರು ಬಂದು ಒದ್ದೆ ಮಾಡಿ ಚೀಲದಲ್ಲಿ ಕಟ್ಟಿ ಒಯ್ಯುವವರೆಗೂ ಕೋಣೆಯ ಬಾಗಿಲು ಮುಚ್ಚಿಟ್ಟಿದ್ದೆ. ಉಳಿದ ಕೆಲಸಕ್ಕೂ ಮುಖಕ್ಕೆ ನುಣ್ಣನೆಯ ಧೂಳನ್ನೂ ತಡೆಯುವ ಎಫ್‌ಎಫ್‌ಪಿ3 ದರ್ಜೆಯ ಮುಸುಕು ಕಡ್ಡಾಯ. ನೂರು ವರ್ಷದ ಕಲ್ಲಿದ್ದಲಿನ ಮಸಿ ಸಾಮಾನ್ಯ ಧೂಳಲ್ಲ.

ಬೆನ್ನುಹಲಗೆಯ ಹಿಂದೆ ಇಟ್ಟಿಗೆಯ ಚೂರು, ಕಿಟ್ಟ, ಸುಣ್ಣದ ಪುಡಿ ತುಂಬಿಸಿದ್ದರು. ಅದನ್ನೆಲ್ಲ ಎತ್ತಿದ ಮೇಲೆ ಗೂಡಿನ ಎರಡೂ ಬದಿಯಲ್ಲಿ ಒಳಗೆ ಚಾಚಿಕೊಂಡ ಇಟ್ಟಿಗೆಯ ಸಾಲುಗಳು ಉಳಿದವು. ಇವು ಮೂಲ ಗೋಡೆಯವೋ ಆಮೇಲೆ ತುಂಬಿಸಿದವೋ ಎಂಬುದನ್ನು ಸುತ್ತಿಗೆ ಎತ್ತುವ ಮೊದಲು ತಿಳಿಯಬೇಕು. ಮೂಲ ಗೋಡೆಯ ಇಟ್ಟಿಗೆ ಪಕ್ಕದ ಇಟ್ಟಿಗೆಗೆ ಹೆಣೆದುಕೊಂಡಿರುತ್ತದೆ. ತುಂಬಿಸಿದ ಇಟ್ಟಿಗೆಗೂ ಗೋಡೆಗೂ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದೇ ನೇರ ಸಂದು ಇರುತ್ತದೆ, ಒಂದು ಇಟ್ಟಿಗೆ ತೆಗೆದು ನೋಡಿದರೆ ಅದರ ಹಿಂದಿನ ಗೋಡೆಯ ಮುಖದ ಮೇಲೆ ಹಳೆಯ ಮಸಿ ಹತ್ತಿರುತ್ತದೆ. ನಮ್ಮಲ್ಲಿ ಎರಡೂ ಗುರುತು ಸಿಕ್ಕವು. ತುಂಬಿದ್ದನ್ನು ಕಿತ್ತ ಮೇಲೆ ಕಟ್ಟಿದವರು ಬಿಟ್ಟಿದ್ದ ಮೂಲ ತೆರವು ಕಾಣಿಸಿತು. ಹಿಂಗೋಡೆಯನ್ನು ಮಾತ್ರ ಇನ್ನಷ್ಟು ಆಳ ಮಾಡಲು ಹೋಗಲಿಲ್ಲ. ಅದರಾಚೆ ಅರ್ಧ ಇಟ್ಟಿಗೆಯ ದಪ್ಪದಲ್ಲಿ ನೆರೆಮನೆಯ ಗೂಡಿದೆ. ಆ ನಡುಗೋಡೆಯನ್ನು ಕಡಿಯಬೇಕಾದರೆ 1996ರ ನಡುಗೋಡೆ ಕಾಯಿದೆಯಂತೆ ಮೊದಲೇ ಲಿಖಿತ ನೋಟಿಸ್ ಕೊಡಬೇಕಾಗುತ್ತದೆ. ಗಾರೆಯ ಸಂದುಗಳಲ್ಲಿ ಮರದ ಗೂಟಗಳೂ ಸಿಕ್ಕವು, ಹಳೆಯ ಚೌಕಟ್ಟಿಗೆ ಮೊಳೆ ಹೊಡೆಯಲು ಬಡಿದವು. ಒಂದರ ತುದಿ ಸುಟ್ಟು ಇದ್ದಿಲಾಗಿತ್ತು. ಅವನ್ನೆಲ್ಲ ಕಿತ್ತು, ತೂತುಗಳಿಗೆ ಗಾರೆ ತುಂಬಿದೆ.

ತೆರವಿನ ಮೇಲ್ಭಾಗವೇ ಹೆಚ್ಚು ಎಚ್ಚರ ಬೇಡಿದ ಜಾಗ. ಆ ಕಾಲದ ಗೂಡುಗಳ ಮೇಲೆ ಇಟ್ಟಿಗೆಯ ತಗ್ಗು ಕಮಾನು, ಅದರ ಅಡಿಗೆ ಆಧಾರವಾಗಿ ಚಪ್ಪಟೆ ಕಬ್ಬಿಣದ ಪಟ್ಟಿ ಇರುತ್ತದೆ. ಯಾರೋ ಹಿಂದೆ ಎಡಗಡೆಯ ಕಮಾನಿನ ಕಾಲನ್ನು ಕಡಿದಿದ್ದರು, ಪಟ್ಟಿ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ಅದರ ಮೇಲೆ ನಿಂತಿರುವುದು ಎರಡು ಅಂತಸ್ತಿನ ಇಟ್ಟಿಗೆ. ಹೀಗಾಗಿ ಕಮಾನನ್ನು ತೇಪೆ ಹಾಕಿ ಉಳಿಸುವ ಬದಲು, ಒಳಗೆ ಉಕ್ಕಿನ ತಂತಿ ಬಿಗಿದ ಕಾಂಕ್ರೀಟ್ ಲಿಂಟಲ್ ಹಾಕುವುದೆಂದು ತೀರ್ಮಾನಿಸಿ, ಇದಕ್ಕೆ ಅನುಭವಸ್ಥ ಮೇಸ್ತ್ರಿಯೊಬ್ಬರನ್ನು ಜೊತೆಗೆ ಕರೆದುಕೊಂಡೆ. ತೆರವಿನ ಮೇಲಿನ ಒಂದು ಸಾಲಿನ ಸಂದುಗಳನ್ನು ಕೊರೆದು, ಅಲ್ಲಿಗೆ ಉಕ್ಕಿನ ನಾಲಗೆಗಳನ್ನು ತೂರಿಸಿ, ತಿರುಪಿನ ಕಂಬಗಳಿಂದ ಭಾರವನ್ನು ಎತ್ತಿ ಹಿಡಿದೆವು. ಕಂಬಗಳ ಕಾಲು ನೇರವಾಗಿ ನೆಲದ ಹಲಗೆಯ ಮೇಲೆ ನಿಲ್ಲದಂತೆ, ಕೆಳಗಿನ ನೆಲಮಾಳಿಗೆಯಲ್ಲಿಯೂ ಅವುಗಳ ನೇರಕ್ಕೆ ಕಂಬ ಕೊಟ್ಟೆವು. ಆಮೇಲೆ ಕಮಾನು ಬಿಚ್ಚಿ, ಎರಡೂ ಬದಿಯ ಗೋಡೆಯ ಮೇಲೆ 150 ಮಿ.ಮೀ. ಕೂರುವಂತೆ ಲಿಂಟಲನ್ನು ಗಾರೆಯ ಮೇಲೆ ಇಟ್ಟು, ರಸಮಟ್ಟ ನೋಡಿ, ಅಡಿಗೆ ಕಡಪದಂಥ ತೆಳುಗಲ್ಲಿನ ಚೂರು ಒತ್ತಿದೆವು. ಲಿಂಟಲಿಗೂ ಮೇಲಿನ ಇಟ್ಟಿಗೆಗೂ ನಡುವಿನ ಸಂದಿಗೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರು ಹಾಕಿದ ಸಿಮೆಂಟು ಮರಳನ್ನು ಮರದ ತುಂಡಿನಿಂದ ಬಡಿದು ಬಡಿದು ತುಂಬಬೇಕು. ತೆಳ್ಳಗಿನ ಗಾರೆ ಹಾಕಿದರೆ ಅದು ಒಣಗುವಾಗ ಕುಗ್ಗಿ, ಮೇಲಿನ ಗೋಡೆ ಆ ಕೂದಲೆಳೆಯಷ್ಟು ಇಳಿದು ಮಹಡಿಯ ಕೋಣೆಯಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಗಾರೆ ಗಟ್ಟಿಯಾಗುವವರೆಗೆ ಕಂಬಗಳನ್ನು ಕದಲಿಸಲಿಲ್ಲ. ಕೌನ್ಸಿಲ್ಲಿನ ತಪಾಸಣೆಯವರು ಲಿಂಟಲನ್ನು ನೋಡಿ ಒಪ್ಪಿದ ಮೇಲೆಯೇ ಮುಂದಿನ ಕೆಲಸ ಹಿಡಿದೆ.

ಗೂಡಿನ ನೆಲದ ವಿಷಯವನ್ನು ಕೋಣೆಯಲ್ಲಿ ನಿಂತು ತೀರ್ಮಾನಿಸುವಂತಿಲ್ಲ, ನೆಲಮಾಳಿಗೆಗೆ ಇಳಿದು ಕೆಳಗಿನಿಂದ ನೋಡಬೇಕು. ನಮ್ಮಲ್ಲಿ ಚಿಮಣಿ ಗೋಡೆಯಿಂದ ಹೊರಟ ಇಟ್ಟಿಗೆಯ ಅರೆಕಮಾನು ಮುಂದಿನ ಅಡ್ಡಜಂತಿಯವರೆಗೆ ಬಂದು, ಮೇಲಿನ ಕಲ್ಲುಹಾಸನ್ನು ಹೊತ್ತಿದೆ. ನಿಯಮದಂತೆ ಇಂಥ ಕಟ್ಟಿನ ನೆಲ 125 ಮಿ.ಮೀ. ದಪ್ಪವಿರಬೇಕು, ಚಿಮಣಿ ಗೋಡೆಯಿಂದ ಮುಂದಕ್ಕೆ 500 ಮಿ.ಮೀ., ತೆರವಿನ ಎರಡೂ ಪಕ್ಕಕ್ಕೆ 150 ಮಿ.ಮೀ. ಚಾಚಿರಬೇಕು. ನಾವು ಕೊಂಡ ಸ್ಟೌವಿನ ಕೈಪಿಡಿ ಅಡಿಯ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟದೆಂದು ಹೇಳುತ್ತದೆ. ಹಾಗಿದ್ದರೆ ಉರಿಯದ ವಸ್ತುವಿನ 12 ಮಿ.ಮೀ. ಹಾಸು ಕೂಡ ಸಾಕು. ಆದರೂ ಇರುವ ಗಟ್ಟಿ ನೆಲವನ್ನು ಉಳಿಸಿಕೊಂಡು, ಸಡಿಲವಾಗಿದ್ದ ಹಾಸನ್ನು ತೆಗೆದು ಹೊಸ ಸುಣ್ಣದ ಗಾರೆಯ ಮೇಲೆ ಯಾರ್ಕ್‌ಷೈರಿನ ಮರಳುಗಲ್ಲಿನ ಚಪ್ಪಡಿ ಹಾಸಿದೆ. ಚಪ್ಪಡಿಯ ಅಂಚು ಕೋಣೆಯ ನೆಲಕ್ಕಿಂತ ತುಸು ಎತ್ತರವಾಗಿರಲಿ. ಜಮಖಾನೆ ಎಲ್ಲಿಯವರೆಗೆ ಬರಬಹುದೆಂಬುದಕ್ಕೆ ಅದೇ ಗಡಿ.

ಗೂಡಿನ ಒಳಮೈಗೆ ಈಗ ಎಲ್ಲ ಕಡೆ ಸಿಗುವ ಜಿಪ್ಸಂ ಗಾರೆ ಆಗದು. ಜಿಪ್ಸಂ ತನ್ನೊಳಗೆ ನೀರನ್ನು ಕಟ್ಟಿಟ್ಟುಕೊಂಡೇ ಗಟ್ಟಿಯಾಗಿರುವ ವಸ್ತು. ದಿನವೂ ಕಾಯುತ್ತ ಹೋದರೆ ಆ ನೀರು ಬಿಟ್ಟುಹೋಗಿ ಗಾರೆ ಪುಡಿಯಾಗುತ್ತದೆ. ಆರು ಪಾಲು ಮರಳಿಗೆ ಒಂದು ಪಾಲು ಸುಣ್ಣ, ಒಂದು ಪಾಲು ಸಿಮೆಂಟು ಎಂಬ ಮಿಶ್ರಣವನ್ನು ಎರಡು ಕೈ ಹಚ್ಚಿದೆ, ಇಟ್ಟಿಗೆಯನ್ನು ಮೊದಲು ಚೆನ್ನಾಗಿ ನೆನೆಸಿ, ಮೊದಲ ಕೈಯನ್ನು ಗೀರಿಬಿಟ್ಟು. ಲಿಂಟಲಿನ ಒಳಮುಖಕ್ಕೆ ಮಾತ್ರ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ತಿರುಪಿ ಕೂರಿಸಿದೆ, ಕಾಂಕ್ರೀಟಿಗೆ ನೇರ ಬಿಸಿ ತಾಗದಿರಲೆಂದು. ಕೆಲಸ ಮುಗಿದಾಗ ಗೂಡು 800 ಮಿ.ಮೀ. ಅಗಲ, 340 ಆಳ ಉಳಿಯಿತು. ಸ್ಟೌವಿನ ಅಗಲ 440, ಆದ್ದರಿಂದ ಎರಡೂ ಪಕ್ಕಕ್ಕೆ 180ರಂತೆ ಗಾಳಿಯಾಡುವ ಜಾಗ ಸಿಕ್ಕಿತು. ಹಿಂದೆ 100 ಬಿಟ್ಟು ನಿಲ್ಲಿಸಿದರೆ ಅದರ ಮುಖ ಗೋಡೆಯಿಂದ ಸ್ವಲ್ಪವೇ ಹೊರಗೆ ಬರುತ್ತದೆ. ಸಂದಿಯಿಲ್ಲದಂತೆ ತುರುಕಿದ ಸ್ಟೌವಿನ ಬಿಸಿ ಇಟ್ಟಿಗೆಗೆ ಹೋಗುತ್ತದೆಯೇ ಹೊರತು ಕೋಣೆಗಲ್ಲ.

ಚಿಮಣಿ ಗೋಡೆಯ ಹೊರಮುಖದ ಮೇಲಿದ್ದ ಕಂದು ಕಲೆಗಳ ಬಗ್ಗೆ ಒಂದು ಮಾತು, ಏಕೆಂದರೆ ಇಲ್ಲಿಯ ಹಳೆಯ ಮನೆಗಳಲ್ಲಿ ಇದು ಬಹಳ ಸಾಮಾನ್ಯ. ಮಾಡು ಸೋರುತ್ತಿದೆಯೆಂದು ತಿಳಿದು ಜನ ಹೆಂಚು ರಿಪೇರಿ ಮಾಡಿಸುತ್ತಾರೆ, ಕಲೆ ಹಾಗೆಯೇ ಇರುತ್ತದೆ. ಕಲ್ಲಿದ್ದಲಿನ ಹೊಗೆ ವರ್ಷಾನುಗಟ್ಟಲೆ ಇಟ್ಟಿಗೆಯೊಳಗೆ ಬಿಟ್ಟ ಲವಣಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಮಳೆಗಾಲವಿರಲಿ ಇಲ್ಲದಿರಲಿ, ಗಾಳಿ ಒದ್ದೆಯಾದ ದಿನ ಕಲೆ ಗಾಢವಾಗುತ್ತದೆ. ಅದರ ಮೇಲೆ ಬಣ್ಣ ಬಳಿಯುವುದು ವ್ಯರ್ಥ. ಆ ಭಾಗದ ಗಾರೆಯನ್ನು ಇಟ್ಟಿಗೆಯವರೆಗೆ ಕಿತ್ತು, ಒಣ ಬ್ರಷ್ಷಿನಿಂದ ಉಜ್ಜಿ, ಸುಣ್ಣದ ಗಾರೆಯನ್ನೇ ಮತ್ತೆ ಹಚ್ಚಿದೆ.

ಹೊಗೆನಾಳದೊಳಗೆ ತುಕ್ಕು ಹಿಡಿಯದ ಉಕ್ಕಿನ ಲೈನರ್, ಅಂದರೆ ನಾಳದುದ್ದಕ್ಕೂ ಇಳಿಸುವ ಬಾಗುವ ಒಳಕೊಳವೆ, ಏಕೆ ಬೇಕು ಎಂದು ಕೇಳಿದರೆ ಉತ್ತರ ಹೊಗೆಯ ಪ್ರಮಾಣದಲ್ಲಿದೆ. ತೆರೆದ ಬೆಂಕಿ ಕೋಣೆಯ ಗಾಳಿಯನ್ನೆಲ್ಲ ಎಳೆದುಕೊಂಡು ಧಾರಾಳವಾಗಿ ಮೇಲಕ್ಕೆ ಕಳಿಸುತ್ತದೆ, ಅದಕ್ಕೆ ಅಗಲವಾದ ನಾಳ ಸರಿ. ಮುಚ್ಚಿದ ಸ್ಟೌವಿನಿಂದ ಹೊರಡುವ ಹೊಗೆ ಕಡಿಮೆ, 225 ಮಿ.ಮೀ. ಚೌಕದ ತಣ್ಣನೆಯ ನಾಳದಲ್ಲಿ ಅದು ನಿಧಾನವಾಗಿ ಏರುತ್ತ, ತಣಿದು, ನೀರು ಮತ್ತು ಡಾಂಬರಾಗಿ ಗೋಡೆಗೆ ಹತ್ತುತ್ತದೆ. ಆ ಡಾಂಬರೇ ಮುಂದೆ ಹೊತ್ತಿಕೊಂಡು ಚಿಮಣಿ ಬೆಂಕಿಯಾಗುವುದು. ಇದಲ್ಲದೆ ಗಾರೆ ಉದುರಿದ ಸಂದುಗಳಿಂದ ಹೊಗೆ ನೆರೆಮನೆಯ ಮಲಗುವ ಕೋಣೆಗೂ ನುಸುಳಬಹುದು. ಸೌದೆಗೆ 316 ದರ್ಜೆಯ ಉಕ್ಕು ಸಾಕೆಂದು ಹೇಳುತ್ತಾರೆ. ನಾನು ಆಮ್ಲವನ್ನು ಹೆಚ್ಚು ತಡೆಯುವ 904 ದರ್ಜೆಯದನ್ನು ತರಿಸಿದೆ, ಏಕೆಂದರೆ ಇಷ್ಟೆಲ್ಲ ಮುಚ್ಚಿದ ಮೇಲೆ ಅದನ್ನು ಮತ್ತೆ ಎಳೆದು ತೆಗೆಯುವ ಉತ್ಸಾಹ ಯಾರಿಗೂ ಇರುವುದಿಲ್ಲ. ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಹ್ಯಾರಿ ಬ್ರಿಯರ್ಲಿ ತಯಾರಿಸಿದ್ದು ಇದೇ ಶೆಫೀಲ್ಡಿನಲ್ಲಿ ಎಂಬುದು ಇಲ್ಲಿಯವರಿಗೆ ಹೆಮ್ಮೆಯ ಸಂಗತಿ.

ಲೈನರನ್ನು ಮೇಲಿನಿಂದ ಇಳಿಸಬೇಕು, ಅದಕ್ಕಾಗಿ ಮಾಡಿನವರೆಗೆ ಸಾರುವೆ ಕಟ್ಟಿಸಿದೆವು. ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು ಉದ್ದ ಅಳೆದು, ಲೈನರಿನ ತುದಿಗೆ ಮೊನಚಾದ ಟೊಪ್ಪಿಗೆ ಬಿಗಿದು, ಅದೇ ಹಗ್ಗವನ್ನು ಟೊಪ್ಪಿಗೆಗೆ ಕಟ್ಟಿದೆವು. ಇಬ್ಬರು ಮೇಲಿನಿಂದ ಊಡುವುದು, ಒಬ್ಬರು ಗೂಡಿನಲ್ಲಿ ಕುಳಿತು ಹಗ್ಗ ಎಳೆಯುವುದು. ನಾಳ ವಾಲುವ ಜಾಗದಲ್ಲಿ ಲೈನರ್ ನಿಂತುಬಿಟ್ಟಿತು. ಬಲವಾಗಿ ಎಳೆದರೆ ಅದರ ಸುರುಳಿ ಬಿಚ್ಚಿಕೊಳ್ಳುವ ಅಪಾಯವಿರುವುದರಿಂದ ಸ್ವಲ್ಪ ಮೇಲೆತ್ತಿ, ತಿರುಗಿಸಿ, ಮತ್ತೆ ಇಳಿಸಬೇಕಾಯಿತು. ಅದರ ಮೇಲೆ ಅಚ್ಚೊತ್ತಿದ ಬಾಣದ ಗುರುತು ಆಕಾಶದ ಕಡೆಗೇ ಇರಬೇಕು, ಹೊಗೆ ಹೋಗುವ ದಿಕ್ಕಿಗೆ. ಒಳಪದರದ ಪಟ್ಟಿಗಳು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ತಲೆಕೆಳಗಾದರೆ ಇಳಿಯುವ ತೇವ ಪದರಗಳ ನಡುವೆ ನುಗ್ಗುತ್ತದೆ. ನಮ್ಮ ಚಿಮಣಿ ಎರಡು ಮನೆಗಳ ನಡುವೆ ಬೆಚ್ಚಗಿರುವುದರಿಂದ, ತಣ್ಣನೆಯ ಅಟ್ಟದಿಂದ ಮೇಲಿನ ಭಾಗಕ್ಕೆ ಮಾತ್ರ 25 ಮಿ.ಮೀ. ದಪ್ಪದ ಉಷ್ಣರೋಧಕ ಹೊದಿಕೆ ಸುತ್ತಿದೆವು. ಹೊರಗೋಡೆಗೆ ಅಂಟಿಕೊಂಡ ಚಿಮಣಿಯಾಗಿದ್ದರೆ ಪೂರ್ತಿ ಉದ್ದಕ್ಕೂ ಸುತ್ತುತ್ತಿದ್ದೆ. ಮೇಲೆ ಲೈನರನ್ನು ತಟ್ಟೆಗೆ ಬಿಗಿದು, ಚಿಮಣಿಯ ತುದಿಯಲ್ಲಿ ನಿಲ್ಲುವ ಮಡಕೆಯನ್ನು (ಹೊಗೆ ಹೊರಬೀಳುವ ಸುಟ್ಟ ಮಣ್ಣಿನ ಬಾಯಿ) ಹೊಸ ಗಾರೆಯಲ್ಲಿ ಕೂರಿಸಿ, ಮಳೆ ಮತ್ತು ಕಾಗೆ ಎರಡನ್ನೂ ತಡೆಯುವ ಜಾಲರಿಯ ಟೊಪ್ಪಿಗೆ ಹಾಕಿದೆವು.

ಕೆಳಗೆ, ಲಿಂಟಲಿನ ಹಿಂದೆ ಗೂಡಿನ ಮೇಲ್ಬಾಯಿಯನ್ನು 1.5 ಮಿ.ಮೀ. ದಪ್ಪದ ಸತುವು ಲೇಪಿಸಿದ ಉಕ್ಕಿನ ತಗಡಿನಿಂದ ಮುಚ್ಚಿ, ಅಂಚುಗಳಿಗೆ ಬೆಂಕಿ ತಡೆಯುವ ಹಗ್ಗವನ್ನೂ ಸಿಮೆಂಟನ್ನೂ ತುಂಬಿದೆ. ಲೈನರಿಗೂ ಸ್ಟೌವಿಗೂ ನಡುವೆ ಎನಾಮೆಲ್ ಹಚ್ಚಿದ 125 ಮಿ.ಮೀ. ಕೊಳವೆ ಬರುತ್ತದೆ. ಇದರಲ್ಲಿ ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನ ಒಳಗೆ ಇಳಿಯಬೇಕು. ಹೊಗೆ ಸೋರೀತೆಂದು ಉಲ್ಟಾ ಜೋಡಿಸುವವರಿದ್ದಾರೆ, ಆಗ ಮೇಲಿನಿಂದ ಇಳಿದ ತೇವ ಸಂದಿನಿಂದ ಹೊರಬಂದು ಕೊಳವೆಯ ಮೇಲೆ ಕಂದು ಗೆರೆ ಎಳೆಯುತ್ತದೆ. ಒಂಟಿ ಪದರದ ಕೊಳವೆಯಿಂದ ಮರ, ಬಟ್ಟೆ ಮುಂತಾದವು ಕೊಳವೆಯ ವ್ಯಾಸದ ಮೂರು ಪಟ್ಟು, ಅಂದರೆ ನಮ್ಮಲ್ಲಿ 375 ಮಿ.ಮೀ. ದೂರವಿರಬೇಕು. ಗೂಡಿನ ಮೇಲೆ ದಪ್ಪ ಓಕ್ ತೊಲೆ ಇಡುವ ಫ್ಯಾಷನ್ ಇಲ್ಲಿದೆ, ನೋಡಲು ಚೆಂದವೇ. ನಮ್ಮ ತೆರವಿನ ಎತ್ತರಕ್ಕೆ ಸ್ಟೌವಿನ ಕೈಪಿಡಿ ಹೇಳುವ ಅಂತರ ಸಿಗಲಿಲ್ಲವಾದ್ದರಿಂದ ಕಲ್ಲಿನ ಹಲಗೆ ಇಟ್ಟೆ.

ಕೊನೆಯ ತಪಾಸಣೆಯಲ್ಲಿ ಹೊಗೆಯ ಗುಳಿಗೆಯನ್ನು ಸ್ಟೌವಿನೊಳಗೆ ಹೊತ್ತಿಸಿ ಬಾಗಿಲು ಮುಚ್ಚಿ, ಮೇಲಿನ ಕೋಣೆ, ಅಟ್ಟ, ನೆರೆಮನೆಯ ಕೋಣೆಗಳಲ್ಲಿ ಹೊಗೆಯ ಸುಳಿವಿದೆಯೇ ಎಂದು ನೋಡಿದರು. ಹೊಗೆ ಮಡಕೆಯ ಬಾಯಿಂದ ಮಾತ್ರ ಹೊರಟಿತು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ. ಚಾವಣಿಗೆ ಹಾಕುವುದಾದರೆ ಗೋಡೆಯಿಂದ ಕನಿಷ್ಠ 300 ಮಿ.ಮೀ. ಬಿಟ್ಟು, ಸ್ಟೌವಿನಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿರಬೇಕು. ಲೈನರಿನ ದರ್ಜೆ, ವ್ಯಾಸ, ಕೂರಿಸಿದ ದಿನಾಂಕ ಬರೆದ ಫಲಕವನ್ನು ನೆಲಮಾಳಿಗೆಯ ಮೀಟರಿನ ಪಕ್ಕ ಹಚ್ಚಿದ್ದೇನೆ.

ಗಾರೆ ಪೂರ್ತಿ ಒಣಗುವವರೆಗೆ ಕಾದು, ಮೊದಲು ಕೈಬೆರಳಿನಷ್ಟು ದಪ್ಪದ ಚಕ್ಕೆಗಳ ಪುಟ್ಟ ಉರಿಗಳನ್ನಷ್ಟೇ ಹಾಕಿದೆ. ಒದ್ದೆ ಗಾರೆಯ ಮುಂದೆ ದೊಡ್ಡ ಬೆಂಕಿ ಹಾಕಿದರೆ ಅದು ಸೀಳುತ್ತದೆ. ಸ್ಟೌವಿನ ಬಣ್ಣ ಬೇಯುವಾಗ ಘಾಟು ವಾಸನೆ ಬರುತ್ತದೆ, ಕಿಟಕಿ ತೆರೆದಿಡಬೇಕು. ಸೌದೆಯ ತೇವ ಶೇಕಡ 20ಕ್ಕಿಂತ ಕಡಿಮೆಯಿರಬೇಕು. 2021ರ ಮೇ ತಿಂಗಳಿಂದ ಇಂಗ್ಲೆಂಡಿನಲ್ಲಿ ಚಿಕ್ಕ ಪ್ರಮಾಣದಲ್ಲಿ ಮಾರುವ ಸೌದೆಗೆ ಈ ಮಿತಿ ಕಾನೂನಿನದು. ಆದರೂ ಸೌದೆಯನ್ನು ಸೀಳಿ, ಹೊಸ ಮುಖಕ್ಕೆ ತೇವಮಾಪಕ ಚುಚ್ಚಿ ನೋಡುವುದೇ ವಾಸಿ, ಹೊರಮೈ ಯಾವಾಗಲೂ ಒಣಗಿದಂತೆಯೇ ತೋರಿಸುತ್ತದೆ. ಇನ್ನು ಬಾಕಿ ಇರುವುದು ಮಹಡಿಯ ಕೋಣೆಯ ಮುಚ್ಚಿದ ಗೂಡು: ಅದರ ನಾಳ ಬಳಕೆಯಲ್ಲಿಲ್ಲ, ಮೇಲೆ ಗಾಳಿಯಾಡುವ ಟೊಪ್ಪಿಗೆ ಹಾಕಿಯಾಗಿದೆ, ಕೆಳಗೆ ಗೋಡೆಗೆ ಜಾಲರಿಯ ಕಿಂಡಿ ಕೂರಿಸಿದರೆ ಒಳಗೆ ತೇವ ನಿಲ್ಲದೆ ಗಾಳಿ ಹರಿಯುತ್ತದೆ. ಸಾರುವೆ ಬಿಚ್ಚಿಯಾಗಿರುವುದರಿಂದ ಆ ಕಿಂಡಿಯ ಕೆಲಸವನ್ನು ಒಳಗಿನಿಂದಲೇ ಬೇಸಿಗೆಯಲ್ಲಿ ಮಾಡಲಿದ್ದೇನೆ.